ಬನಿ ಅಂತ ಕರೆದವರು ಇಬ್ಬರು

ಹೋದ ತಿಂಗಳು ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಅದಕ್ಕೆ ನಾಲ್ಕು ದಿನ ಮುಂಚೆ, ರಾತ್ರಿ ಹತ್ತೂವರೆ ಸುಮಾರಿಗೆ, ತಮ್ಮನ ಹೆಂಡತಿಯ ಮೆಸೇಜ್ ಬಂತು.

“ಅಕ್ಕಾ, ಹೆಸರು ಶಾಕಂಬರಿ ಅಂತ ಫಿಕ್ಸ್ ಆಯ್ತಲ್ಲ. ಶಾರ್ಟ್ ಆಗಿ ಏನಂತ ಕರೆಯೋದು? ಅದನ್ನೂ ಈಗಲೇ ಡಿಸೈಡ್ ಮಾಡಿಬಿಡೋಣ.”

ಕೆಳಗೆ ಅವಳೇ ನಾಲ್ಕು ಬರೆದಿದ್ದಳು. ಶಾಕು, ಶಾನು, ಅಂಬಿ, ಅಂಬು. ಒಂದೊಂದರ ಮುಂದೂ ಪ್ರಶ್ನೆ ಚಿಹ್ನೆ.

ಅವಳು ಬೆಂಗಳೂರಿನ ಹುಡುಗಿ. ಒಳ್ಳೆಯವಳು. ಗುಳೇದಗುಡ್ಡದ ನಮ್ಮ ಮನೆಗೆ ಬಂದ ಮೊದಲ ವರ್ಷವೇ ಹಟ ಹಿಡಿದು ಜೋಳದ ರೊಟ್ಟಿ ಬಡಿಯಲು ಕಲಿತಳು. ಈ ಹೆಸರು ಆರಿಸಿದ್ದೂ ಅವಳೇ. ನಮ್ಮ ಮನೆದೇವರು ಬಾದಾಮಿಯ ಬನಶಂಕರಿ. ಆ ಹೆಸರು ಆಗಲೇ ನನಗೆ ಇಟ್ಟಾಗಿದೆ. ಬದುಕಿರುವವರ ಹೆಸರನ್ನು ನಮ್ಮ ಮನೆಯಲ್ಲಿ ಮತ್ತೊಬ್ಬರಿಗೆ ಇಡುವುದಿಲ್ಲ. ಅದಕ್ಕೆ ಅದೇ ತಾಯಿಯ ಇನ್ನೊಂದು ಹೆಸರು ಹುಡುಕಿದಳು. ಮಳೆ ಇಲ್ಲದೆ ಲೋಕ ಒಣಗಿದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಮಕ್ಕಳನ್ನು ಸಾಕಿದವಳು ಶಾಕಂಬರಿ. ದೇವೀ ಮಹಾತ್ಮೆಯಲ್ಲಿ ಬರುವ ಮಾತು ಇದು. ಮಳೆಗಾಗಿ ಮುಗಿಲು ನೋಡುತ್ತಲೇ ವರ್ಷ ಕಳೆಯುವ ನಮ್ಮ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ದೇವರು ಯಾರಿದ್ದಾರೆ? ಬನಶಂಕರಿ ಜಾತ್ರೆಯಲ್ಲಿ ತೇರಿಗೆ ಮುಂಚೆ ಪಲ್ಲೇದ ಹಬ್ಬ ಅಂತ ಮಾಡುತ್ತಾರೆ. ಕಾಯಿಪಲ್ಲೆಗಳಿಂದ 108 ಬಗೆ ಅಡುಗೆ ಮಾಡಿ ದೇವಿಗೆ ಎಡೆ ಹಿಡಿಯುತ್ತಾರೆ. ಹೆಸರು ನನಗೆ ಒಪ್ಪಿಗೆಯಾಗಿತ್ತು.

ಆದರೆ ಆ ಪ್ರಶ್ನೆಗೆ ತಕ್ಷಣ ಉತ್ತರ ಬರೆಯಲು ಆಗಲಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನಾನು, ಸೋದರತ್ತೆ. ಕರೆಯುವ ಹೆಸರನ್ನು ಮೊದಲೇ ಗೊತ್ತು ಮಾಡಿಡುವುದು ನನಗೆ ಯಾಕೋ ಸರಿ ಅನ್ನಿಸಲಿಲ್ಲ. ಯಾಕೆ ಅಂತ ಆ ರಾತ್ರಿ ಯೋಚಿಸುತ್ತಾ ಕೂತೆ. ಈ ಬರಹ ಅದರದ್ದೇ.

ನನ್ನ ಹೆಸರು ನನ್ನ ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಆಕೆ ತೀರಿಕೊಂಡಿದ್ದಳು. ಮನೆಗೆ ಹೆಣ್ಣು ಮಗು ಬಂದ ಕೂಡಲೇ ಎಲ್ಲರೂ “ಹೊಳ್ಳಿ ಬಂದಳು” ಅಂದರಂತೆ. ಹೆಸರಿನ ಬಗ್ಗೆ ಚರ್ಚೆಯೇ ಆಗಲಿಲ್ಲ. ಆಮೇಲೆ ಶುರುವಾಯಿತು ನೋಡಿ ನಿಜವಾದ ತೊಂದರೆ. ನನ್ನ ಅವ್ವ ಆ ಹೆಸರನ್ನು ಬಾಯಲ್ಲಿ ಹೇಳುವ ಹಾಗಿರಲಿಲ್ಲ! ಅತ್ತೆಯ ಹೆಸರು ಹಿಡಿದು ಕೂಗುವ ಸೊಸೆ ಆ ಕಾಲದಲ್ಲಿ ಎಲ್ಲಿದ್ದಳು? ಗಂಡನ ಹೆಸರನ್ನೇ ಒಡಪು ಕಟ್ಟಿ, ನಾಲ್ಕು ಮಂದಿ ಒತ್ತಾಯ ಮಾಡಿದ ಮೇಲೆ, ತಲೆ ತಗ್ಗಿಸಿ ಹೇಳುತ್ತಿದ್ದ ಹೆಂಗಸರು ಅವರು. ಇನ್ನು ಮಗು ಅಂದಮೇಲೆ ಬೈಯಬೇಕಾಗುತ್ತದೆ, ಎರಡೇಟು ಕೊಡಬೇಕಾಗುತ್ತದೆ. ಅತ್ತೆಯ ಹೆಸರು ಹಿಡಿದು ಬೈದರೆ ಅತ್ತೆಗೇ ಬೈದಂತೆ.

ಹಾಗಾಗಿ ಅವ್ವ ನನ್ನನ್ನು ‘ಅವ್ವಿ’ ಅಂದಳು. ಇವತ್ತಿಗೂ ಅವಳಿಗೆ ನಾನು ಅವ್ವಿಯೇ.

ಅಡ್ಡಹೆಸರು, ಮೊಟಕು ಹೆಸರು ಅಂದ ಕೂಡಲೇ ಉದ್ದ ಹೆಸರು ಹೇಳಲು ಸೋಮಾರಿತನ ಅಂತ ಜನ ಅಂದುಕೊಳ್ಳುತ್ತಾರೆ. ನಮ್ಮ ಭಾಗದಲ್ಲಿ ಎಷ್ಟೋ ಕರೆಯುವ ಹೆಸರುಗಳು ಹುಟ್ಟಿದ್ದು ಮರ್ಯಾದೆಯಿಂದ. ನಿಮ್ಮ ಊರಲ್ಲೂ ತಂಗೆವ್ವ, ಅಕ್ಕವ್ವ, ಬಾಳವ್ವ ಅನ್ನಿಸಿಕೊಂಡ ಹೆಂಗಸರು ಇದ್ದಾರಲ್ಲ, ಅವರ ಶಾಲೆಯ ಹೆಸರು ಏನು ಅಂತ ಒಮ್ಮೆ ಕೇಳಿ ನೋಡಿ. ಬಹಳ ಸಲ ಅದು ಅವರ ಅಜ್ಜಿಯದೋ ಮುತ್ತಜ್ಜಿಯದೋ ಆಗಿರುತ್ತದೆ.

ಇನ್ನೊಂದು ಮಾತು ಹೇಳಬೇಕು. ನಾವು ‘ಹಳೇ ಕಾಲದ ಪೂರ್ತಿ ಹೆಸರು’ ಅಂದುಕೊಂಡಿರುವವು ಕೂಡ ಬಹುಪಾಲು ಮೊಟಕು ಮಾಡಿದವೇ. ಲಕ್ಷ್ಮಿ ನಮ್ಮ ಬಾಯಲ್ಲಿ ಲಕ್ಕವ್ವ ಆದಳು. ಪಾರ್ವತಿ ಪಾರವ್ವ, ರೇಣುಕಾ ರೇಣವ್ವ. ಲಿಂಗ ಹೋಗಿ ನಿಂಗ ಆಗಿ ನಿಂಗವ್ವ ಬಂದಳು. ವೀರಭದ್ರನ ಹೆಸರಿನಿಂದ ಈರವ್ವ, ಸಂಗಮೇಶನ ಹೆಸರಿನಿಂದ ಸಂಗವ್ವ, ಮಹಾಂತೇಶನ ಹೆಸರಿನಿಂದ ಮಾಂತವ್ವ. ಮುಂದಿನ ಎರಡಕ್ಷರ ಉಳಿಸಿಕೊಂಡು, ಹಿಂದಿನದನ್ನು ಕೈಬಿಟ್ಟು, ಅದಕ್ಕೆ ಅವ್ವ ಅಂತ ಸೇರಿಸುವುದು. ಎಷ್ಟು ಚೆಂದದ ಕೆಲಸ ಅಲ್ವಾ ಇದು? ಹೆಸರು ಗಿಡ್ಡ ಆಯಿತು, ಮರ್ಯಾದೆ ಮಾತ್ರ ಉದ್ದವಾಯಿತು. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಅವ್ವ ಅನ್ನುವ ಭಾಷೆ ನಮ್ಮದು.

ದೊಡ್ಡವರಿಗೂ ಹೀಗೇ ಆಯಿತು. ಬಸವಣ್ಣನವರ ಹೆಂಡತಿ ನೀಲಾಂಬಿಕೆ ಅಂತ ಪುಸ್ತಕದಲ್ಲಿ ಓದುತ್ತೇವೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಆಕೆಯ ಐಕ್ಯಸ್ಥಳ ಇದೆ. ಅಲ್ಲಿಗೆ ಬರುವ ಹೆಂಗಸರ ಬಾಯಲ್ಲಿ ಆಕೆ ನೀಲಮ್ಮ, ನೀಲವ್ವ. ಹಾಗೆಯೇ ಗಂಗಾಂಬಿಕೆ ಗಂಗವ್ವ. ಅಕ್ಕಮಹಾದೇವಿಯಂಥ ಮಹಾದೇವಿಗೆ ಬರೀ ‘ಅಕ್ಕ’ ಅಂದರೆ ಸಾಕು, ಯಾರು ಅಂತ ಯಾರೂ ತಿರುಗಿ ಕೇಳುವುದಿಲ್ಲ.

ಬನಶಂಕರಿಯನ್ನೂ ಭಕ್ತರು ಬಿಟ್ಟಿಲ್ಲ. ಬಾದಾಮಿ ಚಾಲುಕ್ಯರ ಕುಲದೇವತೆ ಅನ್ನಿಸಿಕೊಂಡವಳು, ಸಿಂಹದ ಮೇಲೆ ಕೂತ ಎಂಟು ಕೈಯ ತಾಯಿ, ನಮ್ಮವರಿಗೆ ‘ಬನದವ್ವ’. ಆಕೆಯ ತೇರು ಎಳೆಯುವ ಪುಷ್ಯ ಮಾಸದ ಹುಣ್ಣಿಮೆ ‘ಬನದ ಹುಣ್ಣಿಮೆ’. ಶಂಕರಿ ಅನ್ನುವ ಭಾರದ ಭಾಗವನ್ನು ಬಿಟ್ಟು ಬನ ಅನ್ನುವುದನ್ನು ಇಟ್ಟುಕೊಂಡರು, ನೋಡಿ. ಅವರಿಗೆ ಬೇಕಾಗಿದ್ದು ಅದು. ಆ ಒಣ ನೆಲದಲ್ಲಿ ಒಂದು ಬನ, ಅದರ ಮುಂದೆ ಹರಿದ್ರಾ ತೀರ್ಥದ ದೊಡ್ಡ ಹೊಂಡ, ಒಳಗೆ ಒಬ್ಬ ಅವ್ವ.

ಆದ್ದರಿಂದ ಹೆಸರು ಮೊಟಕು ಮಾಡುವುದಕ್ಕೆ ನಾನು ವಿರೋಧ ಅಲ್ಲ. ನನ್ನ ತಕರಾರು ಬೇರೆ. ಅದನ್ನು ಹೇಳಬೇಕಾದರೆ ಅಜ್ಜಿಯ ಕಥೆ ಹೇಳಬೇಕು.

ನಮ್ಮದು ನೇಕಾರರ ಮನೆ. ಕುಪ್ಪಸದ ಖಣ ನೇಯುತ್ತಿದ್ದರು. ಗುಳೇದಗುಡ್ಡದ ಖಣ ಅಂದರೆ ನಿಮಗೆ ಗೊತ್ತಿರುತ್ತದೆ, ಉಡಿ ತುಂಬುವಾಗ ಇಡುವ ಖಣ. ಅಜ್ಜ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದುದು. ಅಜ್ಜಿ ಪಕ್ಕದಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಆ ಸಣ್ಣ ಕಂಡಿಕೆ ಖಾಲಿಯಾಗುತ್ತಿದ್ದಂತೆ ಇನ್ನೊಂದು ತಯಾರಿರಬೇಕು. ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ಮಗ್ಗ ನಮ್ಮದಾದರೂ ನೂಲು ಸಾವಕಾರರದು. ನೇಯ್ದು ಕೊಟ್ಟು ಮಜೂರಿ ತರುವುದು.

ನೇಯ್ದ ಖಣ ಒಯ್ದು ಕೊಡುವ ಕೆಲಸ ಅಜ್ಜಿಯದು. ದೊಡ್ಡವ್ವ ಚಿಕ್ಕವಳಿದ್ದಾಗ ಆಕೆಯ ಜೊತೆ ಹೋಗುತ್ತಿದ್ದಳಂತೆ. ಅವಳು ಹೇಳಿದ ಮಾತು ಇದು. ಸಾವಕಾರರ ಪಡಸಾಲೆಯಲ್ಲಿ ಅಜ್ಜಿ ಮೆಟ್ಟಿಲ ಕೆಳಗೆ ನಿಲ್ಲಬೇಕು. ಲೆಕ್ಕದ ಪುಸ್ತಕ ತೆಗೆದು ಅವರು ಕೂಗುತ್ತಿದ್ದರು. “ಏ ಬನೀ, ತಾ ಇಲ್ಲೆ.” ಅಜ್ಜಿಗೆ ಆಗ ಐವತ್ತು ದಾಟಿತ್ತು. ಕೂಗುತ್ತಿದ್ದವರಿಗೆ ಮೂವತ್ತೂ ಇರಲಿಲ್ಲ. ಅದೇ ಮನೆಯ ಸೊಸೆಯ ಹೆಸರೂ ಬನಶಂಕರಿಯೇ. ಆ ಭಾಗದಲ್ಲಿ ಓಣಿಗೆ ನಾಲ್ಕು ಬನಶಂಕರಿಯರು ಇರುತ್ತಾರೆ. ಆದರೆ ಆಕೆಯನ್ನು ಕೆಲಸದವರು ‘ಬನಶಂಕರಿಬಾಯಾರು’ ಅನ್ನಬೇಕಿತ್ತು. ಅತ್ತೆ ಮಾವ ಕೂಡ ‘ಬನಶಂಕರೆವ್ವಾ’ ಅನ್ನುತ್ತಿದ್ದರು. ಒಂದೇ ದೇವಿಯ ಹೆಸರು. ಮೆಟ್ಟಿಲ ಮೇಲೆ ಆರಕ್ಷರ, ಎಂಟಕ್ಷರ. ಮೆಟ್ಟಿಲ ಕೆಳಗೆ ಎರಡೇ ಅಕ್ಷರ.

ನಮ್ಮ ಕಡೆ ಹೆಸರಿನ ಕೊನೆಗೆ ಬರುವ ಈ ‘ಇ’ಕಾರ ಬಹಳ ಹರಿತ. ಗಂಗವ್ವ ಗಂಗಿ ಆಗುತ್ತಾಳೆ, ಲಕ್ಕವ್ವ ಲಕ್ಕಿ, ಪಾರವ್ವ ಪಾರಿ, ಬಸವ್ವ ಬಸಿ. ಗೆಳತಿ ಕರೆದರೆ ಅದರಲ್ಲಿ ಸಲಿಗೆ ಇದೆ. ಹೊಲದ ಒಡೆಯ ಕರೆದರೆ ಬೇರೆ ಇದೆ. ಕೂಲಿಗೆ ಬಂದ ಹೆಂಗಸರ ಹೆಸರಿನಿಂದ ಮೊದಲು ಕಿತ್ತುಕೊಂಡದ್ದೇ ಆ ‘ಅವ್ವ’ನನ್ನು. ಯಾವ ಜಾತಿಯವರಿಗೆ ಅವ್ವ ಉಳಿಯಿತು, ಯಾವ ಜಾತಿಯವರಿಗೆ ಉಳಿಯಲಿಲ್ಲ ಅನ್ನುವುದನ್ನು ನಮ್ಮ ಹಿರಿಯರನ್ನು ಕೂರಿಸಿಕೊಂಡು ಕೇಳಿದರೆ ಗೊತ್ತಾಗುತ್ತದೆ. ಕೇಳಲೇಬೇಕು ಅಂತ ನಾನು ಹೇಳುತ್ತೇನೆ. ಮುದ್ದಿನ ಹೆಸರುಗಳ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಿದರೆ ಅದು ಅರ್ಧ ಮಾತು.

ನನ್ನ ಅವ್ವನಿಗೆ ಈ ಕಥೆ ಗೊತ್ತಿತ್ತು. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸುವ ದಿನ ಹಾಜರಿ ಪುಸ್ತಕದ ಮುಂದೆ ನಿಂತು, ಓದಲು ಬರದ ಅವ್ವ, ಮಾಸ್ತರರಿಗೆ ಹೇಳಿದಳಂತೆ. “ಪೂರಾ ಹೆಸರು ಬರೀರಿ ಸರ. ಒಂದಕ್ಷರಾನೂ ಬಿಡಬ್ಯಾಡ್ರಿ.” ಆ ಹೆಸರನ್ನು ಅಪ್ಪನೇ ಹೇಳಬೇಕಾಯಿತು ಅನ್ನುವುದು ಬೇರೆ ಮಾತು.

ಈಗ ಎರಡನೇ ‘ಬನಿ’.

ಅಜ್ಜನಿಗೂ ನನ್ನ ಹೆಸರು ಹೇಳುವುದು ಕಷ್ಟವೇ ಆಗಿತ್ತು. ಹೆಂಡತಿಯ ಹೆಸರನ್ನು ಮಂದಿಯ ಮುಂದೆ ಕರೆಯುವ ಗಂಡಸರಲ್ಲ ಅವರು. ನನ್ನನ್ನು ‘ಸಣ್ಣಾಕಿ’ ಅನ್ನುತ್ತಿದ್ದರು. ಹೆಚ್ಚು ಮಾತಿನ ಮನುಷ್ಯನೂ ಅಲ್ಲ. ಮಗ್ಗದ ಸದ್ದೇ ಅವರ ಮಾತು.

ನನಗೆ ಆರು ವರ್ಷ. ಬನಶಂಕರಿ ಜಾತ್ರೆಗೆ ಹೋಗಿದ್ದೆವು. ತೇರಿನ ದಿನ. ಆ ಜಾತ್ರೆ ನೋಡಿದವರಿಗೆ ಗೊತ್ತು, ಅಲ್ಲಿ ಎಲ್ಲ ಇರುತ್ತದೆ. ಸಾಲಾಗಿ ನಾಟಕ ಕಂಪನಿಗಳ ಟೆಂಟು. ಒಂದೊಂದರ ಮೈಕೂ ಇನ್ನೊಂದಕ್ಕಿಂತ ಜೋರು. ಕುಂಕುಮ, ಬಳೆ, ಕಾರದಾಣಿ, ಬೆಂಡು ಬೆತ್ತಾಸು. ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಇಟ್ಟುಕೊಂಡು “ಬರ್ರೀ, ಉಣ್ಣ ಬರ್ರೀ” ಅಂತ ಕರೆಯುವ ಹೆಂಗಸರು. ಮತ್ತೆ ಒಂದು ಕಡೆ ಬರೀ ಬಾಗಿಲುಗಳು. ಹೊಸ ಮನೆ ಕಟ್ಟುವವರು ಕೊಳ್ಳಲು ಬರುವ ಕಟ್ಟಿಗೆಯ ಬಾಗಿಲು, ಚೌಕಟ್ಟು. ನೂರಾರು ಬಾಗಿಲುಗಳು ಬಯಲಲ್ಲಿ ನಿಂತಿರುತ್ತವೆ. ಯಾವುದರ ಹಿಂದೆಯೂ ಮನೆ ಇಲ್ಲ.

ನಾನು ಅಲ್ಲೇ ಕಳೆದುಹೋದೆ. ಒಂದು ಚೌಕಟ್ಟಿನಿಂದ ಇನ್ನೊಂದು ಚೌಕಟ್ಟಿಗೆ ದಾಟುವ ಆಟ ಆಡುತ್ತಾ ಆಡುತ್ತಾ ತಿರುಗಿ ನೋಡಿದರೆ ನಮ್ಮವರು ಯಾರೂ ಇಲ್ಲ. ಹೊಸ ಕಟ್ಟಿಗೆಯ ವಾಸನೆ ಮತ್ತು ಸುತ್ತ ಬರೀ ಕಾಲುಗಳು. ಮೈಕಿನಲ್ಲಿ ಯಾರೋ ಹೇಳಿದರು, ಬನಶಂಕರಿ ಅನ್ನುವ ಹುಡುಗಿ ತಪ್ಪಿಸಿಕೊಂಡಿದ್ದಾಳೆ, ಹಸಿರು ಲಂಗ ತೊಟ್ಟಿದ್ದಾಳೆ ಅಂತ. ಅದು ನಾನೇ ಅಂತ ನನಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕರೆಯುತ್ತಿರಲಿಲ್ಲವಲ್ಲ. ಅದೂ ಅಲ್ಲದೆ ಬೆಳಗಿನಿಂದ ಆ ಜಾತ್ರೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು. ದೇವಿಯನ್ನು ಕರೆಯುತ್ತಿದ್ದಾರೆ ಅಂದುಕೊಂಡೆ. ಒಂದು ಬಾಗಿಲ ಹಿಂದೆ ಕೂತು ಅಳುತ್ತಿದ್ದೆ.

ಆಗ ಕೇಳಿತು. “ಬನೀ... ಏ ಬನೀ...”

ಆ ಹೆಸರನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ದನಿ ಗೊತ್ತಿತ್ತು. ಎದ್ದು ನಿಂತೆ. ಅಜ್ಜ ಪಟಗ ಕೈಯಲ್ಲಿ ಹಿಡಿದುಕೊಂಡು, ಬರಿದಲೆಯಲ್ಲಿ, ಬಾಗಿಲುಗಳ ಸಾಲಿನ ನಡುವೆ ಬರುತ್ತಿದ್ದರು. ಅವರನ್ನು ಹಾಗೆ ಬರಿದಲೆಯಲ್ಲಿ ಹೊರಗೆ ನೋಡಿದ್ದು ಅದೊಂದೇ ಸಲ. ನನ್ನನ್ನು ಎತ್ತಿಕೊಂಡರು. ಏನೂ ಅನ್ನಲಿಲ್ಲ. ಅವರ ಕೈಬೆರಳು ನನ್ನ ಬೆನ್ನ ಮೇಲೆ ನಡುಗುತ್ತಿತ್ತು.

ಆ ರಾತ್ರಿ ಅವ್ವ ದೊಡ್ಡವ್ವನ ಹತ್ತಿರ ಸಣ್ಣ ದನಿಯಲ್ಲಿ ಹೇಳಿದಳು. “ಮಾವಾರು ಇವತ್ತ ಅತ್ತಿ ಹೆಸರು ಹಿಡದು ಕರದ್ರು, ಕೇಳಿದೇನು?” ದೊಡ್ಡವ್ವ ಹೂಂ ಅಂದಳು. ಆಮೇಲೆ ಎಷ್ಟೋ ವರ್ಷಗಳ ನಂತರ ಅವಳೇ ನನಗೆ ವಿವರ ಹೇಳಿದ್ದು. ಮನೆಯಲ್ಲಿ ಯಾರೂ ಇಲ್ಲದಾಗ, ಮಗ್ಗದ ಮುಂದೆ ಕೂತು, ತಿರುಗಿ ನೋಡದೆ ಕೈ ಚಾಚಿ ಅಜ್ಜ ಅನ್ನುತ್ತಿದ್ದರಂತೆ, “ಬನೀ, ಕಂಡಕಿ.” ಅಜ್ಜಿ ಅವರ ಅಂಗೈಯಲ್ಲಿ ಕಂಡಿಕೆ ಇಡುತ್ತಿದ್ದಳು. ಒಳಕೋಣೆಯಲ್ಲಿದ್ದ ದೊಡ್ಡವ್ವ ಕದ್ದು ಕೇಳಿಸಿಕೊಂಡದ್ದು ಇಷ್ಟೇ. ಅವರ ಸಂಸಾರದಲ್ಲಿ ಹೆಸರು ಕರೆಯುವ ಜಾಗ ಅದೊಂದೇ ಇತ್ತು ಅನ್ನಿಸುತ್ತದೆ.

ಎರಡೇ ಅಕ್ಷರ. ಪಡಸಾಲೆಯಲ್ಲಿ ಕೂಗಿದ್ದೂ ಅದೇ, ಮಗ್ಗದ ಮುಂದೆ ಕರೆದಿದ್ದೂ ಅದೇ. ನನ್ನ ಅಜ್ಜಿ ಎರಡಕ್ಕೂ ಓಗೊಟ್ಟಳು.

ಇದಾದ ಮೇಲೆ ನನ್ನ ಹೆಸರಿಗೆ ಏನೇನೋ ಆಯಿತು. ತಮ್ಮನಿಗೆ ನಾನು ಬನಕ್ಕ. ಕಾಲೇಜಿನಲ್ಲಿ ಬನು. ಧಾರವಾಡದ ಹಾಸ್ಟೆಲಿನಲ್ಲಿ ಒಬ್ಬ ಗೆಳತಿ ‘ಬನ್ನಿ’ ಅಂದಳು. ಇಂಗ್ಲಿಷಿನಲ್ಲಿ ಮೊಲದ ಮರಿಗೆ ಹಾಗಂತಾರೆ ಅಂತ ಆಮೇಲೆ ಗೊತ್ತಾಯಿತು. ನನಗೆ ಕೇಳಿಸಿದ್ದು ದಸರೆಯ ಬನ್ನಿ. ಬನ್ನಿ ತಗೊಂಡು ಬಂಗಾರದಂಗ ಇರೋಣು ಅಂತೇವಲ್ಲ, ಆ ಬನ್ನಿ. ಹಾಗಾಗಿ ಖುಷಿಯಾಗಿಯೇ ಒಪ್ಪಿಕೊಂಡೆ. ಇವತ್ತೂ ಅವಳು ಹಾಗೇ ಕರೆಯುತ್ತಾಳೆ. ಬೆಂಗಳೂರಿಗೆ ಟ್ರೇನಿಂಗಿಗೆ ಹೋದಾಗ ಹೆಸರು ಹೇಳಿದರೆ ಜನ “ಎಲ್ಲಿ ಮನೆ? ಬನಶಂಕರೀನಾ?” ಅನ್ನುತ್ತಿದ್ದರು. ಅಲ್ಲಿ ಅದು ಏರಿಯಾ, ಬಸ್ ಸ್ಟ್ಯಾಂಡು, ಈಗ ಮೆಟ್ರೋ ಸ್ಟೇಷನ್. ಬೋರ್ಡುಗಳಲ್ಲಿ ಬಿ.ಎಸ್.ಕೆ. ಅಂತ ಬರೆಯುತ್ತಾರೆ. ಬನವೂ ಇಲ್ಲ, ಶಂಕರಿಯೂ ಇಲ್ಲ, ಮೂರು ಇಂಗ್ಲಿಷ್ ಅಕ್ಷರ. ಊರಿನ ಹೆಸರಿಗೆ ಏನು ಬೇಕಾದರೂ ಮಾಡಿಕೊಳ್ಳಲಿ, ನನಗೆ ಮಾತ್ರ ಯಾರಾದರೂ ಹಾಗೆ ಕರೆದರೆ ನಾನು ಓಗೊಡುವುದಿಲ್ಲ.

ಕಾಗದದ ವಿಷಯ ಒಂದು ಹೇಳಲೇಬೇಕು, ಯಾಕೆಂದರೆ ಇದು ಬರೀ ಭಾವನೆಯ ಮಾತಲ್ಲ. ಮೇಲೆ ಹೇಳಿದ ದೊಡ್ಡವ್ವನ ಹೆಸರು ಪಾರ್ವತಿ. ರೇಷನ್ ಕಾರ್ಡಿನಲ್ಲಿ ಪಾರವ್ವ ಅಂತ ಬರೆದರು. ಆಧಾರ್ ಮಾಡಿಸುವಾಗ ಬರೆದುಕೊಂಡ ಹುಡುಗ ಪಾರಮ್ಮ ಮಾಡಿದ. ಬ್ಯಾಂಕ್ ಪುಸ್ತಕದಲ್ಲಿ ಪಾರ್ವತೆವ್ವ. ಬರೆದ ಯಾರೂ ಕೆಟ್ಟವರಲ್ಲ, ತಮ್ಮ ಕಿವಿಗೆ ಬಿದ್ದದ್ದನ್ನು ಬರೆದರು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು ತಿಂಗಳಿಗೆ 2000 ರೂಪಾಯಿ ಅಂದಾಗ ಈ ನಾಲ್ಕು ಹೆಂಗಸರು ಒಬ್ಬಳೇ ಅಂತ ತೋರಿಸುವುದಕ್ಕೆ ದೊಡ್ಡವ್ವ ಎಷ್ಟು ಸಲ ಬಸ್ಸು ಹತ್ತಿದಳೋ ಲೆಕ್ಕ ಇಲ್ಲ. ಕೊನೆಗೆ ಒಂದು ದಿನ ನನ್ನ ಮುಂದೆ ಕೂತು ಕೇಳಿದಳು. “ನನ್ನ ಹೆಸರು ಯಾವುದವಾ ಖರೇ?” ಅವಳಿಗೆ ಎಪ್ಪತ್ತೆರಡು. ಆ ಪ್ರಶ್ನೆ ಕೇಳಬಾರದ ವಯಸ್ಸು.

ಅದಕ್ಕೇ ನಾನು ಹೇಳುವುದು, ಕಾಗದದಲ್ಲಿ ಪೂರ್ತಿ ಹೆಸರು ಇರಲಿ. ಒಂದೇ ರೀತಿ ಇರಲಿ. ಕರೆಯುವ ಹೆಸರನ್ನು ಮುದ್ದಿಗೆ ಅಂತ ಜನನ ಪ್ರಮಾಣ ಪತ್ರಕ್ಕೆ ಹಾಕಬೇಡಿ. ಮಗುವಿಗೆ ಮುಂದೆ ಎಂಬತ್ತು ವರ್ಷ ಬದುಕು ಇದೆ.

ನಾನು ಬಾಗಲಕೋಟೆಯ ನವನಗರದಲ್ಲಿ ಶಾಲೆ ಕಲಿಸುತ್ತೇನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳು ಹೋದ ಮೇಲೆ ಕಟ್ಟಿದ ಊರು ಇದು. ಇಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರ್. ನನ್ನ ಕ್ಲಾಸಿನಲ್ಲಿ ಈಗ ‘ವ್ವ’ ಅಂತ ಮುಗಿಯುವ ಹೆಸರು ಅಪರೂಪ. ಎರಡು ವರ್ಷದ ಹಿಂದೆ ಎಂಟನೇ ಕ್ಲಾಸಿಗೆ ಹಳ್ಳಿಯಿಂದ ಬಂದ ಒಬ್ಬ ಹುಡುಗಿಗೆ ಅಂಥ ಹೆಸರಿತ್ತು. ಮೊದಲ ವಾರವೇ ನನ್ನ ಹತ್ತಿರ ಬಂದು, “ಟೀಚರ್, ಹಾಜರಿ ಕರೆಯುವಾಗ ಕೊನೆ ಅಕ್ಷರ ಬಿಟ್ಟು ಕರೀರಿ” ಅಂದಳು. ಯಾಕೆ ಅಂದೆ. ಹುಡುಗರು ನಗುತ್ತಾರೆ ಅಂದಳು. ನೆಲ ನೋಡುತ್ತಿದ್ದಳು.

ನಾನು ಅವಳು ಹೇಳಿದಂತೆಯೇ ಕರೆದೆ. ಅವಳ ಹೆಸರು ಅವಳದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಟ್ಟೆಯಲ್ಲಿ ಸಂಕಟ ಆಯಿತು. ಅವ್ವ ಅನ್ನುವ ಮಾತಿಗೆ ನಗು ಬರುವಂತೆ ನಮ್ಮ ಮಕ್ಕಳಿಗೆ ಯಾರು ಕಲಿಸಿದರು? ಟಿವಿಯಲ್ಲಿ ಉತ್ತರ ಕರ್ನಾಟಕದ ಹೆಂಗಸು ಬಂದರೆ ಅವಳಿಗೆ ಒಂದು ‘ವ್ವ’ ಹೆಸರು, ಜೋರು ದನಿ, ನಗಿಸುವ ಪಾತ್ರ. ವರ್ಷಗಟ್ಟಲೆ ಅದನ್ನೇ ನೋಡಿದ ಮಕ್ಕಳು ಏನು ಮಾಡಿಯಾರು? ಹಿಂದೆ ಸಾವಕಾರ ಕಿತ್ತುಕೊಂಡ ಅವ್ವನನ್ನು ಈಗ ನಾವೇ ತೆಗೆದು ಕೊಡುತ್ತಿದ್ದೇವೆ. ಅಮ್ಮ ಅಂದರೆ ಸಭ್ಯ, ಅವ್ವ ಅಂದರೆ ಹಳ್ಳಿ. ಇದು ನನಗೆ ಸುಮ್ನೆ ಒಪ್ಪಿಕೊಳ್ಳಲು ಆಗುವ ಮಾತಲ್ಲ. ಮುಂದಿನ ವಾರ ಇಡೀ ಕ್ಲಾಸಿಗೆ ಅವರವರ ಅಜ್ಜಿ, ಮುತ್ತಜ್ಜಿಯ ಹೆಸರು ಕೇಳಿ ಬರೆದುಕೊಂಡು ಬರಲು ಹೇಳಿದೆ. ಬೋರ್ಡಿನ ತುಂಬ ವ್ವ, ವ್ವ, ವ್ವ. ಯಾರೂ ನಗಲಿಲ್ಲ. ಆ ಹುಡುಗಿ ತನ್ನ ಮುತ್ತಜ್ಜಿಯ ಹೆಸರು ಬರೆಯಲು ತಾನೇ ಎದ್ದು ಬಂದು ಸೀಮೆಸುಣ್ಣ ಕೇಳಿದಳು. ಹಾಜರಿಯಲ್ಲಿ ಮಾತ್ರ ಇವತ್ತಿಗೂ ಕೊನೆ ಅಕ್ಷರ ಬಿಟ್ಟೇ ಕರೆಸಿಕೊಳ್ಳುತ್ತಾಳೆ.

ಇಷ್ಟೆಲ್ಲ ಯೋಚಿಸಿ ಬೆಳಿಗ್ಗೆ ತಮ್ಮನ ಹೆಂಡತಿಗೆ ಫೋನ್ ಮಾಡಿದೆ. ಮೆಸೇಜಿನಲ್ಲಿ ಬರೆಯುವ ಮಾತು ಅನ್ನಿಸಲಿಲ್ಲ. ಅಜ್ಜನ ಕಥೆ ಹೇಳಿದೆ, ಸಾವಕಾರರ ಪಡಸಾಲೆಯದನ್ನೂ ಹೇಳಿದೆ. “ಶಾಕು, ಅಂಬಿ ಯಾವುದೂ ಕೆಟ್ಟದ್ದಲ್ಲಮ್ಮಾ. ಆದರೆ ಈಗಲೇ ಆರಿಸಬೇಡ. ಪೂರ್ತಿ ಹೆಸರನ್ನು ನಾವು ಕೊಡೋಣ. ಕರೆಯುವ ಹೆಸರು ಯಾರ ಬಾಯಿಂದ ಬರಬೇಕೋ ಅವರ ಬಾಯಿಂದ ಬರಲಿ. ಅವಳ ಅಜ್ಜಿ ಒಂದು ಕರೆಯಲಿ, ಗೆಳತಿ ಒಂದು ಕರೆಯಲಿ. ಎಂದೋ ಒಂದು ದಿನ ಅವಳಿಗೆ ಬೇಡ ಅನ್ನಿಸಿದ್ದನ್ನು ಬೇಡ ಅನ್ನಲಿ.” ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಅಜ್ಜ ಮತ್ತೆ ಯಾವತ್ತಾದ್ರೂ ಬನಿ ಅಂತ ಕರೆದ್ರಾ ಅಕ್ಕಾ ನಿಮ್ಮನ್ನ?” ಅಂತ ಕೇಳಿದಳು. ಇಲ್ಲ, ಮತ್ತೆ ಸಣ್ಣಾಕಿಯೇ ಅಂದೆ.

ತೊಟ್ಟಿಲ ದಿನ ಮನೆ ತುಂಬ ಹೆಂಗಸರು. ದೊಡ್ಡ ಪಾತ್ರೆಯಲ್ಲಿ ಗುಗ್ಗರಿ ಬೇಯುತ್ತಿತ್ತು. ತೊಟ್ಟಿಲ ಸುತ್ತ ತೇರಿನ ವಿನ್ಯಾಸದ ಖಣ ಕಟ್ಟಿದ್ದರು. ಅಜ್ಜನ ಮಗ್ಗ ಹೋಗಿ ಎಷ್ಟೋ ವರ್ಷ ಆಯಿತು, ಆ ಖಣ ಅವ್ವ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದು. ನಾನು ಬಗ್ಗಿ ಮಗುವಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಿದೆ. ನಾಲ್ಕೂ ಅಕ್ಷರ ಬಿಡಿಸಿ ಹೇಳಿದೆ. ಹಿಂದಿನಿಂದ ಬೆನ್ನಿಗೆ ಗುದ್ದು ಬಿದ್ದವು, ಪದ್ಧತಿಯಂತೆ. ದೊಡ್ಡವ್ವನ ಗುದ್ದು ಎಲ್ಲಕ್ಕಿಂತ ಜೋರಾಗಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಒಳಗಿನಿಂದ ಅವ್ವ ಕೂಗಿದಳು.

“ಅವ್ವೀ... ಎದ್ದೇನ?”

“ಏನವ್ವಾ?” ಅಂತ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದೆ. ಅವ್ವ ತೊಟ್ಟಿಲ ಮುಂದೆ ಬಗ್ಗಿ ನಿಂತಿದ್ದಳು. ನನ್ನ ಕಡೆ ನೋಡಿ ಒಂದು ಗಳಿಗೆ ಅವಳಿಗೂ ಗೊಂದಲವಾಯಿತು.

“ನಿನ್ನಲ್ಲ, ಈಕಿನ್ನ” ಅಂದಳು.